ಸೀತಾಳೆ ದಂಡೆ ತೆಗೆದವರು

“ಮಂಜು ಬಿಡ್ತಾನೇ ಇಲ್ಲ ಅಜ್ಜಿ,” ಅಂದಳು ರಂಜಿನಿ, ಅಪ್ಪನ ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ.

ಎದುರಿನ ಮರದ ಕೊಂಬೆಯಿಂದ ಸೀತಾಳೆ ದಂಡೆ ಇಳಿಬಿದ್ದಿತ್ತು. ಗೇಣುದ್ದದ ಹೂಗೊಂಚಲು, ಬಿಳಿಯ ಮೇಲೆ ನೇರಳೆ ಚುಕ್ಕಿ. ಮಂಜು ಬಂತೆಂದರೆ ಗುಡ್ಡ, ಮರ ಎಲ್ಲ ಕರಗಿಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೂವೊಂದೇ, ಯಾರೋ ಗಾಳಿಯಲ್ಲಿ ನೇತುಹಾಕಿದ ಹಾಗೆ, ಮೆಲ್ಲಗೆ ಮೂಡುತ್ತಿತ್ತು.

ಸ್ಕೂಲಿನ ನೇಚರ್ ಕ್ಲಬ್ಬಿಗೆ ಅಪರೂಪದ ಕಾಡುಹೂವಿನ ಫೋಟೋ ಬೇಕಿತ್ತು. ಹೂವು ಗಿಡದಲ್ಲೇ ಇರಬೇಕು, ಅದು ಮಿಸ್ಸಿನ ರೂಲ್. ಚೆನ್ನಾಗಿದ್ದದ್ದು ಕ್ಲಾಸಿನ ಗೋಡೆ ಏರುತ್ತದೆ. ಕೆಳಗೆ ಮೂರು ಸಾಲು ಬರೆಯಬೇಕು: ಹೂವಿನ ಹೆಸರು, ಸಿಕ್ಕ ಜಾಗ, ತೆಗೆದವರು.

ಅದಕ್ಕೇ ಅಪ್ಪ ಬೆಳಗ್ಗೆ ಬೇಗ ಆಲ್ಕೊಳದಿಂದ ಆಟೋ ಹೊರಡಿಸಿ, ಭದ್ರಾವತಿಯಲ್ಲಿ ಕಾಶಮ್ಮಜ್ಜಿಯನ್ನು ಹತ್ತಿಸಿಕೊಂಡು, ಅವರ ತವರಿನ ಈ ಗುಡ್ಡಕ್ಕೆ ಕರೆತಂದಿದ್ದ. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಇದೊಂದೇ ಹೂವು.

ಮೊಬೈಲ್ ಕುಂಯ್ ಅಂದಿತು. ಚಾರ್ಜ್ ನಾಲ್ಕೇ ಪರ್ಸೆಂಟ್.

“ಅಜ್ಜಿ, ಇದನ್ನ ತೆಗೀಲೇಬೇಕು. ಇಲ್ಲೇ ಇರು, ಆಟೋದಿಂದ ಪವರ್ ಬ್ಯಾಂಕ್ ತರ್ತೀನಿ,” ಎಂದವಳೇ ಕೆಳಗೆ ಓಡಿದಳು.

ಏದುಸಿರು ಬಿಡುತ್ತಾ ಬಂದು ನೋಡಿದರೆ ಕೊಂಬೆ ಖಾಲಿ. ಅಜ್ಜಿ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಒಂದು ಕೈಯಲ್ಲಿ ಕೊಂಬೆ ಬಗ್ಗಿಸಿದ ಕೊಡೆ, ಇನ್ನೊಂದರಲ್ಲಿ ಹೂವು.

“ತಗೋ ಪುಟ್ಟಿ, ತೆಗೆದಿಟ್ಟೆ. ನಿಂಗೆ ಎಟುಕ್ತಿರ್ಲಿಲ್ಲ ನೋಡು.”

ರಂಜಿನಿ ಖಾಲಿ ಕೊಂಬೆಯನ್ನೊಮ್ಮೆ, ಹೂವನ್ನೊಮ್ಮೆ ನೋಡಿದಳು. “ತೆಗೀಬೇಕು ಅಂದಿದ್ದು ಫೋಟೋ, ಅಜ್ಜಿ.”

ಅಜ್ಜಿಯ ನಗು ಅಲ್ಲೇ ನಿಂತಿತು. ಅವರು ಹೂವನ್ನು ಮತ್ತೆ ಕೊಂಬೆಗೆ ಆನಿಸಿ ನೋಡಿದರು. ಅದು ನಿಲ್ಲಲಿಲ್ಲ.

ರಂಜಿನಿಗೆ ಆಗ ಅವರ ಕೈ ಕಂಡಿತು. ಮೊಣಕೈವರೆಗೂ ಕೆಂಪಿರುವೆ ಕಚ್ಚಿದ ದದ್ದು. ಒಂದು ಇರುವೆ ಬಳೆಯ ಸಂದಿಯಲ್ಲಿ ಇನ್ನೂ ಓಡಾಡುತ್ತಿತ್ತು. ಅವಳು ಅದನ್ನು ಉಫ್ ಎಂದು ಊದಿದಳು. ಆಮೇಲೆ ಬೆನ್ನು ತಿರುಗಿಸಿ ನಿಂತಳು.

“ಮುಡಿಸು.”

ಅಜ್ಜಿ ನಿಧಾನಕ್ಕೆ ಮುಡಿಸಿದರು. ತಾವು ಚಿಕ್ಕವರಿದ್ದಾಗ ಈ ಗುಡ್ಡದ ಹುಡುಗಿಯರೆಲ್ಲ ಮಳೆ ಶುರುವಾದರೆ ಇದನ್ನೇ ಮುಡಿಯುತ್ತಿದ್ದರಂತೆ. ಆಗ ಒಂದೊಂದು ಮರಕ್ಕೂ ಹತ್ತು ಹತ್ತು ದಂಡೆ. ಹೇಳುತ್ತಾ ಹೇಳುತ್ತಾ ಅವರ ದನಿಯೂ ಮಂಜಿನಂತೆ ತೆಳ್ಳಗಾಯಿತು.

ರಂಜಿನಿ ಮೊಬೈಲನ್ನು ಅವರ ಕೈಗಿಟ್ಟಳು. “ಈಗ ನೀನೇ ತೆಗಿ.”

ಅಜ್ಜಿಯ ಕೈ ಜಡೆಯ ಕಡೆ ಹೋಯಿತು.

“ಹೂವಲ್ಲ ಮಾರಾಯ್ತಿ, ಫೋಟೋ.”

ಫೋಟೋದಲ್ಲಿ ಅರ್ಧ ಬರೀ ಮಂಜು. ಮೂಲೆಯಲ್ಲಿ ಅಜ್ಜಿಯ ಹೆಬ್ಬೆರಳು. ನಡುವೆ ಜಡೆ, ಜಡೆಯಲ್ಲಿ ದಂಡೆ. ಇದು ಗೋಡೆ ಏರುವುದಿಲ್ಲ ಎಂದು ರಂಜಿನಿಗೆ ಗೊತ್ತಿತ್ತು.

ಸೋಮವಾರ ಅವಳು ಆ ಫೋಟೋವನ್ನೇ ಹಾಳೆಗೆ ಅಂಟಿಸಿದಳು. ಹೆಸರು ಬರೆದಳು, ಜಾಗ ಬರೆದಳು. ಮೂರನೇ ಸಾಲಿಗೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತನ್ನಷ್ಟಕ್ಕೇ ನಕ್ಕು, ದುಂಡಗೆ ಬರೆದಳು:

ತೆಗೆದವರು – ಕಾಶಮ್ಮ.