ಕೇಳಿಸದ ಒಂಬತ್ತನೆಯ ಉತ್ತರ

“ಎಂಜಾಯ್ ಆದಮ್ಯಾಲೆ?”

“ಟು ಪ್ಲೇ... ಅಲ್ಲಲ್ಲ, ಪ್ಲೇಯಿಂಗ್!”

“ಡಿಸೈಡ್?”

“ಗೋಯಿಂಗ್.”

“ತಪ್ಪು! ಟು ಗೋ!” ಉಜ್ವಲಾ ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದಳು. “ಸಾಲಾಗಿ ಕೇಳಿದ್ರ ಗಿಳಿ ಹಂಗ ಹೇಳ್ತಿ. ನಡುವ ಕೇಳಿದ್ರ ನಿನ್ನ ಗಾಡಿ ಪಂಕ್ಚರ್!”

ಶೀತಲ ಚಹಾದ ಕಿಟ್ಲಿಯನ್ನು ಇನ್ನೊಂದು ಕೈಗೆ ಬದಲಿಸಿ ಬಿರಬಿರನೆ ನಡೆದಳು. ಇಬ್ಬರ ಮನೆಯವರೂ ಒಂದೇ ಮಗ್ಗದ ಕಾರಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಶಾಲೆ ಬಿಟ್ಟ ಮೇಲೆ ಚಹಾ ಮುಟ್ಟಿಸುವುದು ಹುಡುಗಿಯರ ಪಾಲಿನ ಕೆಲಸ.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳ ಮುಂದೆ ‘ಟು ಗೋ’ ಅನ್ನಬೇಕಂತೆ, ಕೆಲವಕ್ಕೆ ‘ಗೋಯಿಂಗ್’. ಮೊದಲನೆಯದು ಇನ್ಫಿನಿಟಿವ್, ಎರಡನೆಯದು ಜೆರಂಡ್. ಯಾವುದಕ್ಕೆ ಯಾವುದು? ಶಾಂತಿನಾಥ ಸರ್ ಒಂದು ಉದ್ದನೆಯ ಪಟ್ಟಿ ಕೊಟ್ಟಿದ್ದರು. ಬರುವ ಶನಿವಾರ ಅದರ ಮೇಲೆ ಪ್ರತಿಯೊಬ್ಬರಿಗೂ ಹತ್ತು ಬಾಯಿಪ್ರಶ್ನೆ. ಹೆಚ್ಚು ಸರಿ ಹೇಳಿದ ಇಬ್ಬರು ಜಯಸಿಂಗಪುರದ ಇಂಗ್ಲಿಷ್ ಸ್ಪರ್ಧೆಗೆ ಹೋಗುತ್ತಾರೆ.

“ನಾ ಹೋಗೂದ ಖರೆ,” ಎಂದು ಶೀತಲ ಇಡೀ ವರ್ಗದ ಎದುರಿಗೆ ಅಂದುಬಿಟ್ಟಿದ್ದಳು. ಅರಿಹಂತ ಬೆಂಚು ಬಡಿದು ನಕ್ಕಿದ್ದ.

ಕಾರಖಾನೆಯ ಮೆಟ್ಟಿಲ ಮೇಲೆ ಶೀತಲಳ ಅಪ್ಪ ಯಲ್ಲೇಶ ಬೆವರು ಒರೆಸುತ್ತ ಕುಳಿತಿದ್ದ. ಒಳಗೆ ಅವನ ನಾಲ್ಕು ಮಗ್ಗಗಳು ಖಟಾಖಟ್ ಎನ್ನುತ್ತಿದ್ದವು. ಒಂದು ಗುಟುಕು ಚಹಾ ಕುಡಿದವನೇ ಅಪ್ಪ ಎದ್ದ.

“ಮೂರನೇದ ನಿಂತತಿ.”

ಬಾಗಿಲಿಗೆ ಅವನ ಬೆನ್ನಿತ್ತು. ಶೀತಲ ಇಣುಕಿ ನೋಡಿದಳು. ಹೌದು, ನೂಲು ಹರಿದು ಮೂರನೆಯ ಮಗ್ಗ ನಿಂತಿತ್ತು. ಅಪ್ಪ ಗಂಟು ಹಾಕಿ, ಮಗ್ಗ ಓಡಿಸಿ ಬಂದ.

“ನೋಡಲಾರದ ಹೆಂಗ ಗೊತ್ತಾತು ಅಪ್ಪಾ?”

“ಅದರಾಗೇನೈತಿ ಯವ್ವಾ? ನಾಕೂ ಕೂಡಿ ದಿನಾ ಒಂದ ಹಾಡು ಹಾಡತಾವು. ಒಂದು ತಪ್ಪಿದ್ರ ಕಿವಿಗೆ ಚುಚ್ಚತೈತಿ.”

“ಮೊದಲ ದಿನಾನೂ ಚುಚ್ಚಿತ್ತೇನು?”

“ಎಲ್ಲೀದು! ಮೊದಲ ದಿನ ತಲಿನೋವು ಅಷ್ಟ ಬಂದಿತ್ತು.” ಅಪ್ಪ ನಕ್ಕ.

ಅಂದಿನಿಂದ ಶೀತಲ ಪಟ್ಟಿಯನ್ನು ಮಡಚಿ ಇಟ್ಟಳು. ಇಂಗ್ಲಿಷ್ ಪುಸ್ತಕದ ಪೂರ್ತಿ ವಾಕ್ಯಗಳನ್ನೇ ಹೇಳಿಕೊಳ್ಳತೊಡಗಿದಳು, ಒಂದೊಂದನ್ನು ಹತ್ತು ಸಲ, ಇಪ್ಪತ್ತು ಸಲ. ದಿನವೂ ಕಾರಖಾನೆಯೊಳಗೆ, ಅವ್ವ ರಾಯವ್ವ ಕಾಂಡಿ ಎಂಬ ಕೊಳವೆಗೆ ನೂಲು ಸುತ್ತುವ ಮಷಿನ್ನಿನ ಪಕ್ಕ ನಿಂತು ಹೇಳುತ್ತಿದ್ದಳು. ಅಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಆ ಗದ್ದಲದಲ್ಲಿ ಕೂಗಿದರೆ ಗಂಟಲು ನೋಯುತ್ತದೆ, ಅಷ್ಟೆ. ಎಲ್ಲರೂ ಬಾಯಿ ಅಗಲಿಸಿ, ಧ್ವನಿ ಇಲ್ಲದೆ, ಬರೀ ತುಟಿಯಲ್ಲೇ ಮಾತಾಡುತ್ತಾರೆ. ಎದುರಿನವರು ಕಣ್ಣಿನಿಂದಲೇ ಕೇಳುತ್ತಾರೆ. ಶೀತಲಳ ಇಂಗ್ಲಿಷೂ ಹಾಗೆಯೇ ತುಟಿಗೆ ಹತ್ತಿತು.

ಗುರುವಾರದ ಹೊತ್ತಿಗೆ, ‘ಡಿಸೈಡೆಡ್ ಗೋಯಿಂಗ್’ ಅಂದುಕೊಂಡರೆ ಒಳಗೆಲ್ಲೋ ಒಂದು ಮಗ್ಗ ನಿಂತಂತಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಅರಿಹಂತ ಹತ್ತಕ್ಕೆ ಹತ್ತೂ ಸರಿ ಹೇಳಿ ಕಾಲರ್ ಏರಿಸಿ ಕುಳಿತ. ಅವನ ನಂತರ ಹೆಚ್ಚು ಸರಿ ಹೇಳಿದವಳು ರುತುಜಾ, ಎಂಟು. ಉಳಿದದ್ದು ಒಂದೇ ಜಾಗ. ಕೊನೆಯ ಸರದಿ ಶೀತಲಳದು.

ಮೊದಲನೆಯದು ಸರಿ. ಎರಡನೆಯದೂ ಸರಿ. ಒಂದೊಂದಾಗಿ ಎಂಟೂ ಸರಿಯಾದವು. ರುತುಜಾ ಉಗುರು ಕಚ್ಚತೊಡಗಿದಳು.

“ಒಂಬತ್ತನೇದು,” ಎಂದರು ಸರ್. “ಹೀ ಅವಾಯ್ಡ್ಸ್... ಟಾಕ್. ಟು ಟಾಕ್ ಅಥವಾ ಟಾಕಿಂಗ್?”

ಶೀತಲ ಕಣ್ಣು ಮುಚ್ಚಿದಳು. ಖಟಾಖಟ್, ಖಟಾಖಟ್. ಹಾಡು ತಪ್ಪಲಿಲ್ಲ. ಬಾಯಿ ಅಗಲಿಸಿ ಉತ್ತರ ಕೊಟ್ಟಳು.

ಸರ್ ಕಾಯುತ್ತಲೇ ಇದ್ದರು.

“ಹೇಳವಾ, ಟೈಮ್ ಮುಗೀತು.”

“ಹೇಳಿದೆಲ್ರಿ ಸರ್!”

“ಯಾವಾಗ?”

“ಮ್ಯೂಟ್ ಬಟನ್ ಒತ್ತ್ಯಾಳ್ರೀ ಸರ್!” ಅರಿಹಂತ ಕೂಗಿದ. ವರ್ಗವೆಲ್ಲ ನಕ್ಕಿತು.

ಪಕ್ಕದ ಸಾಲಿನಿಂದ ಉಜ್ವಲಾ ಎದ್ದು ನಿಂತಳು. “ಹೇಳ್ಯಾಳ್ರಿ ಸರ್. ‘ಟಾಕಿಂಗ್’ ಅಂದ್ಲು. ನಾ ನೋಡೇನಿ.”

“ನೋಡಿದ್ಯಾ?”

“ಕಾರಖಾನ್ಯಾಗ ಹಿಂಗ ಮಾತಾಡ್ತಾರ್ರಿ. ತುಟೀಲೆ. ಅಕಿಗೆ ಅದ ರೂಢಿ ಆಗೇತಿ.”

ಸರ್ ಕನ್ನಡಕ ತೆಗೆದು ಶೀತಲಳನ್ನೇ ನೋಡಿದರು. “ಉತ್ತರ ಬರೋಬರಿ ಐತಿ. ಆದ್ರ ಜಯಸಿಂಗಪುರದಾಗ ಉಜ್ವಲಾ ಜಡ್ಜ್ ಅಲ್ಲ, ಯವ್ವಾ. ಕೇಳಿಸದ ಉತ್ತರಕ್ಕ ಮಾರ್ಕ್ಸ್ ಇಲ್ಲ.”

ಶೀತಲಳ ಕಿವಿ ಬಿಸಿಯಾದವು. ಇನ್ನೊಂದು ಪ್ರಶ್ನೆ ಇತ್ತು.

“ಹತ್ತನೇದು. ದೇ ರೆಫ್ಯೂಸ್ಡ್... ಸ್ಟಾಪ್.”

ಈ ಸಲ ಅವಳು ಕಣ್ಣು ಮುಚ್ಚಲಿಲ್ಲ. ಎರಡೂ ಕೈಯಿಂದ ಬೆಂಚು ಹಿಡಿದಳು.

“ದೇ ರೆಫ್ಯೂಸ್ಡ್ ಟು ಸ್ಟಾಪ್!”

ಕಿಟಕಿಯ ಮೇಲಿದ್ದ ಪಾರಿವಾಳ ಪಟಪಟನೆ ಹಾರಿಹೋಯಿತು. ಪಕ್ಕದ ವರ್ಗದಿಂದ ಅಲ್ಲಿಯ ಶಿಕ್ಷಕಿ ಬಾಯಾರು ಓಡಿಬಂದು, “ಏನಾತ್ರಿ ಸರ್?” ಎಂದು ಕೇಳಿದರು.

“ಏನಿಲ್ರಿ ಬಾಯಾರ,” ಎಂದರು ಸರ್, ನಗು ತಡೆಯುತ್ತ. “ಒಂಬತ್ತು ಸರಿ ಆದವು.”

ಸಂಜೆ ಮೆಟ್ಟಿಲ ಮೇಲೆ ಕುಳಿತು ಶೀತಲ ಅಪ್ಪನಿಗೆ ಎಲ್ಲ ಹೇಳಿದಳು. ಒಂಬತ್ತನೆಯ ಉತ್ತರದ ಕತೆ ಕೇಳಿ ಅಪ್ಪನಿಗೆ ಚಹಾ ನೆತ್ತಿಗೇರಿತು.

“ಹಂಗಾರ ಜಯಸಿಂಗಪುರಕ್ಕ ಯಾವ ಬಸ್ಸಿಗೆ—”

“ಅಪ್ಪಾ,” ಎಂದಳು ಶೀತಲ. “ಎರಡನೇದ ನಿಂತತಿ.”

ಅಪ್ಪ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದು ಒಂದು ಕ್ಷಣ ಕಿವಿಗೊಟ್ಟ. ಮಗಳನ್ನು ನೋಡಿದ. ಕಪ್ಪನ್ನು ಅವಳ ಕೈಗೆ ಕೊಟ್ಟು ಒಳಗೆ ಓಡಿದ.

ಶೀತಲ ಬಾಗಿಲಿಗೆ ಬೆನ್ನು ಮಾಡಿಯೇ ಕುಳಿತಿದ್ದಳು. ಕಪ್ಪು ಇನ್ನೂ ಬೆಚ್ಚಗಿತ್ತು. ಒಳಗೆ ಮೂರು ಮಗ್ಗಗಳು ಹಾಡುತ್ತಿದ್ದವು. ಅವಳು ಕಾದಳು. ಸ್ವಲ್ಪ ಹೊತ್ತಿಗೆ ನಾಲ್ಕನೆಯ ದನಿಯೂ ಬಂದು ಸೇರಿತು.