ಅವನಾಗಿಯೇ ನಿಲ್ಲಿಸಿದ್ದ

"ನಿಲ್ಲಿಸಿ!"

ಜೊವಿಟಾಳ ಬೆರಳುಗಳು ಪಿಯಾನೋದ ಮೇಲೆಯೇ ಮರಗಟ್ಟಿದವು.

ಮಸ್ಕತ್ತಿನ ರೂವಿಯಲ್ಲಿ ಚಿನ್ನದಂಗಡಿಯೊಂದರ ಮೇಲಿದ್ದ ಆ ಸಂಗೀತ ತರಗತಿಗೆ ಅವಳು ಬಂದು ಇನ್ನೂ ಒಂದು ಹಾಡೂ ಮುಗಿದಿರಲಿಲ್ಲ. ಎದುರಿಗೆ ಸ್ಯಾಕ್ಸೋಫೋನ್ ಹಿಡಿದು ನಿಂತಿದ್ದ ಆಲನ್ ಪಿರೇರಾ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಅಲ್ಲಿ ಯಾಕೆ ನುಡಿಸಿದ್ರಿ?"

"ಎಲ್ಲಿ?"

"ನಾನು ಉಸಿರು ತಗೊಂಡೆನಲ್ಲ, ಅಲ್ಲಿ. ಅದು ಖಾಲಿ ಇರ್ಬೇಕಿತ್ತು."

"ಖಾಲಿ ಬಿಟ್ರೆ ತಪ್ಪಾಗಿದೆ ಅಂದ್ಕೊಳ್ತಾರೆ ಅಲ್ವಾ?"

"ಅದು ಚರ್ಚಲ್ಲಿ. ಇದು ಜಾಝ್, ಟೀಚರ್!"

ಮೂಲೆಯಲ್ಲಿ ಮೈಕಿನ ವಯರ್ ಸುತ್ತುತ್ತಿದ್ದ ಉಳ್ಳಾಲದ ಅಫ್ವಾನ್ ಕಿಸಕ್ಕನೆ ನಕ್ಕ. ಜೊವಿಟಾಳ ಕಿವಿಯ ತುದಿ ಕೆಂಪಾಯಿತು. 'ಎಂಥ ಸೊಕ್ಕಿನ ಮನುಷ್ಯ! ಪಿಯಾನೋದವ ಕೆನಡಾಕ್ಕೆ ಹೋದ ಅಂತ ನನ್ನನ್ನು ಕರೆಸಿದ್ದು ಇವನೇ ಅಲ್ಲವಾ?'

ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾರವಿಡೀ ಸೀಬ್‌ನ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ಜೊವಿಟಾ, ಅಲ್ಲಿ ರಜೆಯ ದಿನವಾದ ಶುಕ್ರವಾರ ಬಂತೆಂದರೆ ಚರ್ಚಿನ ಪೂಜೆಗೆ ಆರ್ಗನ್ ನುಡಿಸುತ್ತಾಳೆ. ಪಾದ್ರಿಗಳು ಪೀಠಕ್ಕೆ ಬರುವುದು ತಡವಾದರೆ ಅವಳೇ ಏನಾದರೂ ನುಡಿಸಿ ಹೊತ್ತು ಕಳೆಯಬೇಕು. ಗಾಯನ ಮಂಡಳಿಯವರು ಚರಣ ಮರೆತರೆ ಅವಳೇ ಎತ್ತಿಕೊಡಬೇಕು. ಹತ್ತಾರು ವರ್ಷ ಇದನ್ನೇ ಮಾಡಿದ ಕೈಗಳಿಗೆ, ಸದ್ದು ನಿಂತಿತೆಂದರೆ ಯಾರೋ ಎಡವಿದ್ದಾರೆ ಎಂದೇ ಅರ್ಥ.

"ಇನ್ನೊಮ್ಮೆ ನುಡಿಸುವ," ಎಂದಳು ಬಿಗಿಯಾಗಿ.

ಆಲನ್ ವಾದ್ಯವನ್ನು ಬಾಯಿಗಿಟ್ಟ. ಆಗ ಅವಳು ಗಮನಿಸಿದಳು... ಅವನ ಎಡಗಡೆಯ ತುಟಿ ಒಂದಿಷ್ಟು ತಡವಾಗಿ ಮುಚ್ಚಿಕೊಳ್ಳುತ್ತಿತ್ತು.

ಆ ಕಥೆ ಮಸ್ಕತ್ತಿನ ಮಂಗಳೂರಿನವರಿಗೆಲ್ಲ ಗೊತ್ತಿತ್ತು. ಹೋಟೆಲುಗಳಲ್ಲಿ ಜನ ಆಲನ್‌ನ ಹೆಸರು ಕೇಳಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಎಡಗಡೆಯಿಂದ ತಾನಾಗಿಯೇ ಸೋರಿಹೋಯಿತು. ಅರ್ಧ ಮುಖ ಜೋತುಬಿದ್ದಿತ್ತು. ಹೋಟೆಲಿನವರು ಸ್ವಲ್ಪ ದಿನ ಕಾದರು, ಆಮೇಲೆ ಖಲಾಸ್ ಎಂದರು. ಎರಡು ವರ್ಷ ಅವನು ಒಂದು ಆಫೀಸಿನಲ್ಲಿ ಗುಮಾಸ್ತನಾಗಿ ಕುಳಿತ, ಕನ್ನಡಿಯ ಮುಂದೆ ತುಟಿಯ ವ್ಯಾಯಾಮ ಮಾಡಿದ. ಪಾಪ ಎನ್ನುವವರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ.

ಈಗ ಆ ಆಫೀಸಿನವರೂ ವೀಸಾ ಮುಂದುವರಿಸುವುದಿಲ್ಲ ಎಂದಿದ್ದರು. ಉಳಿದದ್ದು ಒಂದೇ ದಾರಿ. ಒಮಾನಿನ ದಕ್ಷಿಣ ತುದಿಯ ಸಲಾಲಾದ ಹೋಟೆಲೊಂದರ ಮ್ಯಾನೇಜರ್, "ಜನರ ಮುಂದೆ ನುಡಿಸಿದ ರೆಕಾರ್ಡಿಂಗ್ ತೋರಿಸು, ಕೆಲಸ ಕೊಡುತ್ತೇನೆ," ಎಂದಿದ್ದರು.

ಅದಕ್ಕೇ ಈ ಕಾರ್ಯಕ್ರಮ. ಅದಕ್ಕೇ ಪೋಸ್ಟರಿನಲ್ಲಿ ಆಲನ್ ಹಟ ಹಿಡಿದು ಹಾಕಿಸಿದ್ದ: 'ನೇರ ಧ್ವನಿಮುದ್ರಣ. ಒಂದು ಸ್ವರವನ್ನೂ ತಿದ್ದುವುದಿಲ್ಲ.'

"ಬೇಡ ಮಾರಾಯ," ಎಂದಿದ್ದ ಅಫ್ವಾನ್. "ಎಲ್ಲಿಯಾದ್ರೂ ತಪ್ಪಿದ್ರೆ ಜನ ಹೋದ್ಮೇಲೆ ಪುನಃ ನುಡಿಸಿ ಸೇರಿಸುವ. ಎಲ್ಲರೂ ಮಾಡ್ತಾರೆ."

"ಎಲ್ಲರ ಬಾಯಿಯೂ ಸೊಟ್ಟ ಆಗಿರ್ಲಿಲ್ಲ ಅಲ್ವಾ? ನಂದು ತಿದ್ದಿದ್ರೆ ಯಾರೂ ನಂಬುದಿಲ್ಲ."

* * *

ಜಗಳದಲ್ಲಿ ಶುರುವಾದದ್ದು ಏಲಕ್ಕಿಯ ಗಟ್ಟಿ ಕರಕ್ ಚಹಾಕ್ಕೆ ತಿರುಗಿತು. ಅಭ್ಯಾಸ ಮುಗಿದ ಮೇಲೆ ಆಲನ್ ಅವಳನ್ನು ಅಲ್ ಅಜೈಬಾದ ಅವಳ ಫ್ಲಾಟಿಗೆ ಬಿಡುತ್ತಿದ್ದ. ದಾರಿಯಲ್ಲಿ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಎರಡು ಕಾಗದದ ಲೋಟಗಳು ಕಿಟಕಿಗೇ ಬರುತ್ತಿದ್ದವು. ಅವನು ಲೋಟವನ್ನು ಬಲಗಡೆಯಿಂದಲೇ ಕುಡಿಯುತ್ತಿದ್ದ. ಅವಳು ಹೊರಗೆ ನೋಡುವಂತೆ ನಟಿಸುತ್ತಿದ್ದಳು.

"ನೋಡ್ಬಹುದು ಟೀಚರ್. ಟಿಕೆಟ್ ಇಲ್ಲ."

"ಅಯ್ಯೋ, ನಾನು ನೋಡ್ಲಿಲ್ಲ!"

"ನೋಡಿದ್ರಿ. ಪರವಾಗಿಲ್ಲ. ನೀವು ಪಾಪ ಅನ್ಲಿಲ್ಲ ಅಲ್ವಾ, ಅದು ಸಾಕು."

ಆ ದಿನ ಮನೆಗೆ ಬಂದವಳ ಮುಖ ನೋಡಿದ ಕೂಡಲೇ ಫ್ಲಾಟಿನ ಜೊತೆಗಾತಿ ವನೆಸ್ಸಾಳಿಗೆ ಗೊತ್ತಾಗಿಹೋಯಿತು.

"ದೇವಾ! ಬಿದ್ದೆಯಲ್ಲ ಮಾರಾಯ್ತಿ!"

"ಎಂತ ಬಿದ್ದದ್ದು? ಸುಮ್ಮನಿರು," ಎಂದು ಜೊವಿಟಾ ಸ್ನಾನದ ಕೋಣೆಗೆ ಓಡಿದಳು. ಬಿದ್ದದ್ದು ಹೌದು. ಆದರೆ ಪ್ರೀತಿಯ ಜೊತೆಗೆ ಒಂದು ಭಯವೂ ಅವಳೊಳಗೆ ಸೇರಿಕೊಂಡಿತ್ತು. ಆ ತುಟಿ ಎಲ್ಲರೆದುರು ಮತ್ತೆ ಕೈಕೊಟ್ಟರೆ...?

* * *

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಕೊಂಕಣಿಯವರು, ತುಳುವರು, ಆಫೀಸಿನಿಂದ ನೇರವಾಗಿ ಬಂದವರು, ಒಂದಿಬ್ಬರು ಒಮಾನಿ ಹುಡುಗರು... ಕೆಲವರು ಸಂಗೀತ ಕೇಳಲು ಬಂದಿದ್ದರು. ಹೆಚ್ಚಿನವರು ಆ ಬಾಯಿ ನೋಡಲು ಬಂದಿದ್ದರು.

ಆಲನ್ ಅದ್ಭುತವಾಗಿ ನುಡಿಸಿದ! ಒಂದಾದ ಮೇಲೊಂದು ಹಾಡು ಹತ್ತಿಕೊಂಡಿತು. ಚಪ್ಪಾಳೆಗೆ ಅಫ್ವಾನ್ ತನ್ನ ಸೌಂಡ್ ಮಿಕ್ಸರಿನ ಮುಂದೆ ತಲೆಯಾಡಿಸುತ್ತಿದ್ದ.

ಕೊನೆಯದು ಆಲನ್ ತಾನೇ ಕಟ್ಟಿದ ರಾಗ. ಅದು ಏರುತ್ತಾ ಏರುತ್ತಾ ತುದಿಗೆ ಹೋದಾಗ ಅವನು ತಟ್ಟನೆ ನಿಲ್ಲಿಸಿದ. ವಾದ್ಯವನ್ನು ಬಾಯಿಂದ ತೆಗೆದ. ಪಿಯಾನೋದ ಕಡೆಗೆ ತಿರುಗಿದ.

ಮುಂದಿನ ಸಾಲಿನವರು ಕುತ್ತಿಗೆ ಚಾಚಿ ನೋಡಿದರು.

'ತುಟಿ ಹೋಯಿತು! ದೇವಾ, ತುಟಿ ಹೋಯಿತು!'

ಜೊವಿಟಾಳ ಕೈಗಳು ಅವಳ ಅಪ್ಪಣೆಗೂ ಕಾಯಲಿಲ್ಲ. ಅವನು ಬಿಟ್ಟ ಸ್ವರವನ್ನೇ ಹಿಡಿದು ನುಗ್ಗಿದವು, ರಾಗವನ್ನು ಎತ್ತಿಕೊಂಡವು, ಮುಂದೆ ಕೊಂಡೊಯ್ದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಲನ್ ಮತ್ತೆ ಸೇರಿಕೊಂಡನೇನೋ ನಿಜ. ಆದರೆ ಅಷ್ಟರಲ್ಲಿ ಹಾಡು ಅವಳದಾಗಿಹೋಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಪರದೆಯ ಹಿಂದೆ ಅವನು ಅವಳನ್ನು ನೋಡಲೇ ಇಲ್ಲ. 'ನಾಚಿಕೆ ಪಟ್ಟುಕೊಂಡಿದ್ದಾನೆ,' ಎಂದುಕೊಂಡಳು ಜೊವಿಟಾ. 'ಸಮಾಧಾನವಾಗಲಿ. ಆಮೇಲೆ ಮಾತಾಡುವ.'

* * *

ಹೇಳಿದ ಮಾತಿನಂತೆ ಒಂದು ಸ್ವರವನ್ನೂ ತಿದ್ದದೆ ರೆಕಾರ್ಡಿಂಗ್ ಆನ್‌ಲೈನಿನಲ್ಲಿ ಹೊರಬಂತು. ಒಂದೇ ದಿನದಲ್ಲಿ ಅದು ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಸುತ್ತತೊಡಗಿತು. ಉಡುಪಿಯಿಂದ, ಕುವೈತಿನಿಂದ, ದೋಹಾದಿಂದ ಕಮೆಂಟುಗಳು ಬಂದವು.

'ಕೊನೆಯ ಹಾಡು ಕೇಳಿ. ಪಾಪ, ಬಾಯಿ ನಿಂತೇ ಹೋಯಿತು. ಆ ಹುಡುಗಿ ಇಲ್ಲದಿದ್ರೆ ಮರ್ಯಾದೆ ಹೋಗ್ತಿತ್ತು!'

'ಕಣ್ಣಲ್ಲಿ ನೀರು ಬಂತು. ಪಿಯಾನೋ ಟೀಚರಿಗೆ ದೊಡ್ಡ ಸಲಾಂ.'

'ಆಲನ್ ಮೊದಲಿನ ಹಾಗೆ ಇಲ್ಲ. ವಯಸ್ಸೂ ಆಯ್ತಲ್ಲ. ದೇವರು ಒಳ್ಳೆಯದು ಮಾಡಲಿ.'

ಸುಳ್ಳು ಯಾಕೆ ಹೇಳಬೇಕು? ಜೊವಿಟಾಳಿಗೆ ಖುಷಿಯಾಯಿತು. ಒಂದೊಂದನ್ನೂ ಮತ್ತೆ ಮತ್ತೆ ಓದಿದಳು, ವನೆಸ್ಸಾಳಿಗೂ ಓದಿ ಹೇಳಿದಳು. ಆಲನ್ ಫೋನ್ ಎತ್ತದೆ ಇದ್ದುದು ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು. ಕೊನೆಗೆ ತಡೆಯಲಾರದೆ ಶಾಲೆ ಬಿಟ್ಟ ಕೂಡಲೇ ರೂವಿಗೆ ಟ್ಯಾಕ್ಸಿ ಹಿಡಿದಳು.

ಅವನು ತರಗತಿಯಲ್ಲಿ ಒಬ್ಬನೇ ಇದ್ದ.

"ಫೋನ್ ಎತ್ತುದಿಲ್ಲ ಯಾಕೆ? ನಾನು ಎಂತ ಮಾಡಿದೆ?"

"ಕಾಪಾಡಿದ್ರಿ. ಊರೆಲ್ಲ ಹೇಳ್ತಾ ಉಂಟಲ್ಲ!"

"ಆಲನ್... ತುಟಿ ಯಾರಿಗೂ ಕೈಕೊಡಬಹುದು. ಅದಕ್ಕೆ ನಾಚಿಕೆ ಯಾಕೆ?"

"ಕೈಕೊಡ್ಲಿಲ್ಲ!" ಅವನ ಧ್ವನಿಗೆ ಕಿಟಕಿಯ ಗಾಜೂ ನಡುಗಿತು. "ನಾನು ನಿಲ್ಲಿಸಿದ್ದು! ನಾನು! ಎರಡು ವರ್ಷ ಈ ಬಾಯಿ ತನಗೆ ಬೇಕಾದಾಗ ನಿಂತಿದೆ. ಆ ದಿನ ಮೊದಲ ಸಲ ನನಗೆ ಬೇಕಾದಾಗ ನಿಲ್ಲಿಸಿದೆ. ಪುನಃ ನನಗೆ ಬೇಕಾದಾಗ ಶುರು ಮಾಡುವವನಿದ್ದೆ. ಅಷ್ಟೇ ಇದ್ದದ್ದು ನನ್ನ ಹತ್ತಿರ. ಅದನ್ನೂ ತಗೊಂಡ್ರಿ."

"ನನಗೆ... ನನಗೆ ಗೊತ್ತಿರ್ಲಿಲ್ಲ..."

"ನಾನು ನಿಮ್ಮ ಕಡೆಗೇ ತಿರುಗಿದ್ದೆ. ನನ್ನ ಕಣ್ಣು ನೋಡಿದ್ರೆ ಗೊತ್ತಾಗ್ತಿತ್ತು. ನಗ್ತಾ ಇದ್ದೆ ನಾನು!"

ಅವನು ಬಾಗಿಲು ತೆರೆದು ಹಿಡಿದ.

"ಹೋಗಿ ಟೀಚರ್. ದಯವಿಟ್ಟು."

* * *

ಮನೆಗೆ ಬಂದವಳೇ ಅವಳು ರೆಕಾರ್ಡಿಂಗಿನ ಕೆಳಗೆ ಎಲ್ಲರಿಗೂ ಕಾಣುವಂತೆ ಬರೆದಳು: 'ಆಲನ್ ಅವರಿಗೆ ಏನೂ ಆಗಿರಲಿಲ್ಲ. ಅವರು ಬೇಕೆಂದೇ ನಿಲ್ಲಿಸಿದ್ದರು. ತಪ್ಪು ನನ್ನದು. ನಾನು ನಡುವೆ ಬಂದು ಹಾಳು ಮಾಡಿದೆ.'

ಯಾರು ನಂಬಬೇಕು?

'ಎಷ್ಟು ಒಳ್ಳೆಯ ಮನಸ್ಸು ಈ ಹುಡುಗಿಯದ್ದು! ಅವನ ಮಾನ ಉಳಿಸಲಿಕ್ಕೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು.'

'ಪ್ರೀತಿ ಅಂದ್ರೆ ಇದು ಮಾರ್ರೆ!'

ಹೃದಯದ ಚಿತ್ರಗಳು ಸಾಲುಗಟ್ಟಿ ಬಂದು ಬಿದ್ದವು. ಜೊವಿಟಾ ಫೋನನ್ನು ಮಂಚದ ಮೇಲೆ ಎಸೆದು ಬಿಕ್ಕಿಬಿಕ್ಕಿ ಅತ್ತಳು. ಅವಳು ಸತ್ಯ ಹೇಳಿದಷ್ಟೂ ಅವನು ಇನ್ನಷ್ಟು ಬಡಪಾಯಿಯಾಗುತ್ತಿದ್ದ.

ಆಮೇಲೆ ಅಫ್ವಾನ್ ಫೋನ್ ಮಾಡಿದ.

"ಸಲಾಲಾದಿಂದ ಉತ್ತರ ಬಂತು ಟೀಚರ್. ಪಿಯಾನೋ ಹುಡುಗಿ ಜೊತೆಗೆ ಬರುದಾದ್ರೆ ಕೆಲಸ ಉಂಟಂತೆ. ಒಬ್ಬನನ್ನೇ ತಗೊಳ್ಳುದಿಲ್ಲವಂತೆ. ನಡುವೆ ನಿಂತುಹೋದ್ರೆ ಯಾರು ನೋಡ್ಕೊಳ್ಳುದು ಅಂತ ಕೇಳಿದ್ರಂತೆ."

"ಆಲನ್ ಎಂತ ಹೇಳಿದ್ರು?"

"ಎಂತ ಹೇಳುದು? ಊರಿಗೆ ಹೋಗ್ತೇನೆ ಅಂತ ಸಾಮಾನು ಕಟ್ತಾ ಇದ್ದಾನೆ. ಮ್ಯಾನೇಜರನ ನಂಬರ್ ಕಳಿಸ್ತೇನೆ. ನೀವೇ ಒಂದು ಮಾತು ಹೇಳಿ ನೋಡಿ."

ನಂಬರ್ ಬಂತು. ಜೊವಿಟಾ ಅದನ್ನು ಒತ್ತಿಯೇಬಿಟ್ಟಳು. ಆ ಕಡೆ ರಿಂಗಾಗುವ ಮೊದಲೇ ಅವಳ ಬೆರಳು ತಡೆದು ನಿಂತಿತು. 'ಮತ್ತೆ ನುಗ್ಗುತ್ತಿದ್ದೇನೆ... ಮತ್ತೆ ಅವನ ಜಾಗಕ್ಕೆ!' ಕರೆಯನ್ನು ಕತ್ತರಿಸಿದಳು.

* * *

ಶುಕ್ರವಾರ ಪೂಜೆ ಮುಗಿದ ಮೇಲೆ ಅವಳು ಮತ್ತೆ ಆ ಮೆಟ್ಟಿಲು ಹತ್ತಿದಳು. ಆಲನ್ ಸ್ಯಾಕ್ಸೋಫೋನನ್ನು ಒರೆಸುತ್ತಿದ್ದ. ಹೋಗು ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.

"ಒಂದು ಮಾತು ಹೇಳಿ ಹೋಗ್ತೇನೆ," ಎಂದಳು. "ಆ ಸಂಜೆ ನಾನು ನಿಮ್ಮ ಸಂಗೀತ ಕೇಳ್ಲೇ ಇಲ್ಲ ಆಲನ್. ಶುರುವಿನಿಂದ ಕೊನೆಯವರೆಗೂ ನಿಮ್ಮ ತುಟಿ ನೋಡ್ತಾ ಕೂತಿದ್ದೆ. ಯಾವಾಗ ಹೋಗ್ತದೆ ಅಂತ ಕಾಯ್ತಾ ಇದ್ದೆ."

"ಗೊತ್ತುಂಟು."

"ಪೂರ್ತಿ ಗೊತ್ತಿಲ್ಲ." ಅವಳು ಎದುರಿನ ಸ್ಟೂಲಿನ ಮೇಲೆ ಕುಳಿತಳು. "ಹೋದ್ರೆ ಹಿಡಿಯುವವಳು ನಾನೇ ಆಗ್ಬೇಕು ಅಂತ ಒಳಗೊಳಗೇ ಆಸೆ ಇತ್ತು. ಹಿಡಿದ್ರೆ ನೀವು ನನ್ನವರಾಗ್ತೀರಿ ಅಂತ. ಪಾಪ ಅನ್ನುವವರು ನಿಮ್ಮ ಎದುರಿಗಾದ್ರೂ ಅಂದ್ರು. ನಾನು ಬಾಯಲ್ಲಿ ಹೇಳದೆ ಅದನ್ನೇ ನುಡಿಸಿ ತೋರಿಸಿದೆ. ಕಮೆಂಟ್ ಓದಿ ಖುಷಿಯೂ ಪಟ್ಟೆ. ಇದು ನನ್ನ ಪ್ರೀತಿ. ಎಷ್ಟು ಕೆಟ್ಟದ್ದು ನೋಡಿ..."

ಆಲನ್‌ನ ಕೈ ಒರೆಸುವುದನ್ನು ನಿಲ್ಲಿಸಿತು.

"ಸಲಾಲಾಕ್ಕೆ ಫೋನ್ ಮಾಡಿದ್ರಾ? ಅಫ್ವಾನ್ ನಂಬರ್ ಕೊಟ್ಟಿದ್ದಾನೆ."

"ಮಾಡ್ಲಿಕ್ಕೆ ಹೊರಟೆ. ಬಿಟ್ಟೆ. ಅದು ನೀವು ಮಾತಾಡ್ಬೇಕಾದ್ದು."

ಅವನು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು ಅವಳೆದುರಿಗೇ ಮ್ಯಾನೇಜರಿಗೆ ಕರೆ ಮಾಡಿದ. ಒಬ್ಬನೇ ಬರುತ್ತೇನೆ, ಒಂದು ಸಂಜೆ ಪುಕ್ಕಟೆಯಾಗಿ ನುಡಿಸುತ್ತೇನೆ, ಕೇಳಿ ನೋಡಿ ಹೇಳಿ ಎಂದ. ಆ ಕಡೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಆಲನ್ ಎರಡು ಸಲ "ಸರಿ" ಎಂದು ಫೋನ್ ಇಟ್ಟ.

"ಬೇಡವಂತೆ."

ಸಾವಿರ ಮಾತುಗಳು ಜೊವಿಟಾಳ ನಾಲಿಗೆಯ ತುದಿಗೆ ಓಡಿಬಂದವು. ಬೇರೆ ಹೋಟೆಲ್ ಸಿಗ್ತದೆ, ದೇವರಿದ್ದಾನೆ, ಎಲ್ಲ ಸರಿಯಾಗ್ತದೆ... ಅವಳು ಒಂದನ್ನೂ ಆಡಲಿಲ್ಲ. ಕೆಳಗಿನ ಬೀದಿಯಲ್ಲಿ ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದವು.

"ಎಂತದೂ ಹೇಳುದಿಲ್ಲವಾ?"

"ಇಲ್ಲ."

"ಯಾಕೆ?"

"ಹೇಳಿದ್ರೆ ಸಮಾಧಾನ ಆಗುದು ನನಗೆ. ನಿಮಗಲ್ಲ."

ಆಲನ್ ಕುರ್ಚಿಯ ಮೇಲೆ ಕುಸಿದು ಕುಳಿತ. ಅವನ ಕಣ್ಣು ತುಂಬಿ ಬಂತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನು ಇನ್ನೊಬ್ಬರ ಎದುರಿಗೆ ಅತ್ತ. ಅಳುವಾಗ ಆ ಮುಖ ಸೊಟ್ಟಗಾಯಿತು. ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ. ಜೊವಿಟಾ ಎದ್ದು ಹೋಗಿ ತಬ್ಬಿಕೊಳ್ಳಲಿಲ್ಲ. ಆ ಸ್ಟೂಲಿನ ಮೇಲೆಯೇ ಕುಳಿತು, ಅವನು ಅತ್ತು ಮುಗಿಯುವವರೆಗೂ ಕಾದಳು. ಅಷ್ಟು ಕಷ್ಟದ ಕೆಲಸವನ್ನು ಅವಳು ಜೀವನದಲ್ಲಿ ಮಾಡಿರಲಿಲ್ಲ.

"ಊರಿಗೆ ಹೋಗಿ ಎಂತ ಮಾಡ್ತೀರಿ?" ಎಂದು ಕೇಳಿದಳು ಆಮೇಲೆ.

"ಮದುವೆ ಬ್ಯಾಂಡಲ್ಲಿ ಊದ್ತೇನೆ. ಅಲ್ಲಿ ಜನ ಊಟದ ಕಡೆ ನೋಡ್ತಾರೆ, ನನ್ನ ಬಾಯಿ ನೋಡುದಿಲ್ಲ." ಕಹಿಯಾಗಿ ನಕ್ಕ. "ನಿಮ್ಮ ಮದುವೆಗೂ ಕರೀರಿ ಟೀಚರ್, ಬಂದು ಊದ್ತೇನೆ."

"ನನ್ನ ಮದುವೆಗೆ ನೀವು ಊದುವ ಹಾಗಿಲ್ಲ."

"ಯಾಕೆ? ಅಷ್ಟು ಕೆಟ್ಟದಾಗಿ ಊದ್ತೇನಾ?"

"ಮದುಮಗ ತನ್ನ ಮದುವೆಗೆ ತಾನೇ ಊದ್ತಾನಾ?"

ಆಲನ್ ದಂಗಾಗಿ ಅವಳನ್ನು ನೋಡಿದ. ಅವಳ ಕಣ್ಣು ಕದಲಲಿಲ್ಲ.

"ಜೊವಿಟಾ... ಕೆಲಸ ಇಲ್ಲ. ವೀಸಾ ಇಲ್ಲ. ಆ ರೆಕಾರ್ಡಿಂಗ್ ಇರುವಷ್ಟು ದಿನ ನಾನು ನಿಂತುಹೋದವನೇ. ನಾಳೆ ಈ ಬಾಯಿ ನಿಜವಾಗಿಯೇ ನಿಂತ್ರೆ?"

"ನಿಂತ್ರೆ ಕರೀರಿ. ಕರೆದ್ರೆ ಮಾತ್ರ ಬರ್ತೇನೆ."

"ಕರೆಯದಿದ್ರೆ?"

"ನಿಮ್ಮ ಪಕ್ಕದಲ್ಲೇ ಕೂತಿರ್ತೇನೆ. ಕೈ ಕಟ್ಟಿಕೊಂಡು."

ಅವನು ಎದ್ದ. ಎರಡು ಹೆಜ್ಜೆ ಮುಂದೆ ಬಂದು ಅರ್ಧದಲ್ಲೇ ನಿಂತು ಕೈ ಚಾಚಿದ.

"ಹಾಗಾದ್ರೆ ಈಗ ಕರೀತಿದ್ದೇನೆ. ಬಾ, ಜೊವಿಟಾ."

"ಬಂದೆ," ಎಂದಳು ಅವಳು.