ತಿರುಗಬಾರದ ಗಾಲಿ

"ಅಳಿಯಂದ್ರ, ಮನ್ಯಾಗಿನ ಯಾವ ಸಾಮಾನು ಬೇಕಾದ್ರೂ ಮಾರ್ರಿ. ಆ ಗಾಲಿ ಒಂದು ಬ್ಯಾಡ. ಅದು ಇದ್ದಲ್ಲೇ ಇರಲಿ," ಎಂದು ಮಲ್ಲಕ್ಕ ಕೈಮುಗಿದು ಹೇಳಿದ್ದಳು. ಹೊಳೆಪ್ಪ ರೊಟ್ಟಿ ತುಂಬಿದ ಬಾಯಿಯಲ್ಲೇ ನಕ್ಕಿದ್ದ.

"ಗಾಲಿ ಅಂದಮ್ಯಾಲ ತಿರುಗಾಕ ಇರೂದ್ರಿ ಅತ್ತಿ. ತೂಗು ಹಾಕಿ ಕೈಮುಗಿಯಾಕಲ್ಲ."

ಹೊಳೆಪ್ಪ ಘಟಪ್ರಭೆಯ ಕಡೆಯವನು, ಮೋಟಾರ್ ಸೈಕಲ್ ರಿಪೇರಿ ಕಲಿತವನು. ಮಲ್ಲಕ್ಕನ ಮಗಳು ಶಾರದವ್ವನನ್ನು ಕಟ್ಟಿಕೊಂಡು ಮೊರಬದ ಈ ಮನೆಗೆ ಮನೆಅಳಿಯನಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹೊಲ ಅತ್ತೆಯದು, ಎತ್ತು ಅತ್ತೆಯವು; ಬೀಡಿ ಬೇಕೆಂದರೂ ಅತ್ತೆ ಸೆರಗಿನ ಗಂಟು ಬಿಚ್ಚುವುದನ್ನೇ ಕಾಯಬೇಕು. ಮೀಸೆ ಹೊತ್ತ ಗಂಡಸಿಗೆ ಇದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ. ಶಾರದವ್ವನಿಗೆ ಆಗ ಏಳು ತಿಂಗಳು. ಅವಳಿಗೊಂದು ಇಳಕಲ್ ಸೀರೆಯನ್ನಾದರೂ ತನ್ನ ಸ್ವಂತ ಜೇಬಿನಿಂದ ತರಬೇಕೆಂಬ ಹಟ ಅವನಿಗೆ ಹಿಡಿದಿತ್ತು.

ಮಲ್ಲಕ್ಕ ಬರೀ ಬೇಡ ಎಂದು ಸುಮ್ಮನಾಗಿರಲಿಲ್ಲ, ಯಾಕೆ ಬೇಡ ಎಂಬುದನ್ನೂ ಹೇಳಿದ್ದಳು. ಅವಳ ಗಂಡ ಶಂಕ್ರಪ್ಪ ಬ್ರಿಟಿಷರ ಕಾಲದ ಮೋಟಾರ್ ಸೈಕಲ್ ಮೇಲೆ ಊರೆಲ್ಲ ಮೆರೆದವನು. ಆಳುಮಗ ಬಸ್ಯಾನ ಹೆಂಡತಿ ಸಣ್ಣವ್ವನ ಮೇಲೆ ಅವನ ಕಣ್ಣು ಬಿತ್ತು. ನನ್ನ ಹೆಂಡತಿಯ ತಂಟೆಗೆ ಬರಬೇಡ ಎಂದು ದಾರಿಗೆ ಅಡ್ಡ ನಿಂತ ಬಸ್ಯಾನ ಎದೆಯ ಮೇಲೆ ಶಂಕ್ರಪ್ಪ ಗಾಡಿ ಹತ್ತಿಸಿದ. ಬೇಕೆಂದೇ ಹತ್ತಿಸಿದ. ಸಣ್ಣವ್ವ ಗಂಡನನ್ನು ಹೂಳಿದ ಕುಣಿಯ ಮಣ್ಣು ತೆಗೆದುಕೊಂಡು ಯಾವ ಮಂತ್ರವಾದಿಯ ಹತ್ತಿರ ಹೋದಳೋ, ಆ ಮಣ್ಣನ್ನು ಗಾಡಿಯ ಮುಂದಿನ ಗಾಲಿಯ ಬ್ರೇಕ್ ಡ್ರಮ್ಮಿನೊಳಗೆ ತುಂಬಿಸಿದಳು. ಆಮೇಲೆ ಬಾಗಿಲ ಮುಂದೆ ಬಂದು ನಿಂತು, "ನನ್ನ ಗಂಡನ ಎದಿ ಮ್ಯಾಲ ತಿರುಗಿದ ಗಾಲಿ ಇದು. ಇನ್ನ ತಿರುಗಿದಾಗೆಲ್ಲ ಈ ಮನಿ ಮಂದಿ ಎದಿ ಮ್ಯಾಲ ತಿರುಗಲಿ," ಎಂದು ಮಣ್ಣು ತೂರಿದಳು.

ಮಲ್ಲಕ್ಕನ ಮಗ ಗಾಡಿ ಹೊಡೆದುಕೊಂಡು ನವಲಗುಂದಕ್ಕೆ ಹೊರಟ ದಿನ, ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಶಂಕ್ರಪ್ಪನ ಪಕ್ಕೆಲುಬುಗಳು ಪಟಪಟನೆ ಮುರಿದವು. ಅವನನ್ನು ಮಣ್ಣು ಮಾಡಿ ಬಂದ ನೆರೆಯವರು ಗಾಡಿಯನ್ನು ಕೊಟ್ಟಿಗೆಗೆ ತಳ್ಳಿದಾಗ ಬಾಗಿಲಲ್ಲಿ ನಿಂತಿದ್ದ ಮಗ ರಕ್ತ ಕಾರಿ ಬಿದ್ದ. ಇಬ್ಬರ ಎದೆಯ ಮೇಲೂ ಟೈರಿನ ಗುರುತು ಮೂಡಿತ್ತು. ಗಾಡಿಯ ಉಳಿದ ಭಾಗವೆಲ್ಲ ಗುಜರಿಗೆ ಹೋಯಿತು. ಗಾಲಿಯನ್ನು ಎಸೆದರೆ ಎಲ್ಲಿ ಯಾರು ತಿರುಗಿಸುತ್ತಾರೋ ಎಂಬ ಭಯಕ್ಕೆ ಮಲ್ಲಕ್ಕ ಅದನ್ನು ಕಣ್ಣ ಮುಂದೆಯೇ ಇಟ್ಟುಕೊಂಡಳು. ಬ್ರೇಕ್ ಲಿವರನ್ನು ಬಿಗಿಯಾಗಿ ಎಳೆದು, ತಾಮ್ರದ ತಂತಿಯಿಂದ ಏಳು ಸುತ್ತು ಕಟ್ಟಿಸಿ, ಅಚ್ಚಿಗೆ ಸರಪಳಿ ಹಾಕಿ ಕೊಟ್ಟಿಗೆಯ ತೊಲೆಗೆ ತೂಗು ಹಾಕಿಸಿದಳು.

"ಮಾಟಕ್ಕ ಬ್ರೇಕ್ ಹಾಕ್ಯಾರ ನೋಡ! ನಾ ಹೊರಗಿಂದ ಬಂದಾವ, ಈ ಮನಿಯವ ಅಲ್ಲ. ನನಗೇನ ಮಾಡ್ತೈತದು?" ಎಂದು ಹೊಳೆಪ್ಪ ಹೆಂಡತಿಯ ಮುಂದೆ ನಗಾಡಿದ.

"ನಾ ಈ ಮನಿಯಾಕೀನ ಅದೀನಲ್ರಿ," ಎಂದಳು ಶಾರದವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಅವನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕುಂದಗೋಳದ ಜಹೀರುದ್ದೀನ ಹಳೆಯ ಗಾಡಿಗಳ ಮಿಸ್ತ್ರಿ. ಶಂಕ್ರಪ್ಪನದರಂಥದೇ ಒಂದು ಗಾಡಿ ಮುಂದಿನ ಗಾಲಿಯಿಲ್ಲದೆ ಅವನ ಅಂಗಡಿಯಲ್ಲಿ ನಿಂತಿತ್ತು. ಗಾಲಿ ಮಾರುವುದಿದೆ ಎಂದು ಹೊಳೆಪ್ಪ ಕಳಿಸಿದ ಸುದ್ದಿ ಮುಟ್ಟಿದ ಕೂಡಲೇ ಬಸ್ಸು ಹತ್ತಿ ಬಂದ. ಎಂಬತ್ತಾರನೆಯ ಇಸವಿಯ ಬೇಸಿಗೆ, ಹೊರಗೆ ಎರೆಹೊಲ ಬಿರಿದು ಬಾಯಿ ಬಿಟ್ಟ ಮಧ್ಯಾಹ್ನ. ಕೊಟ್ಟಿಗೆಯೊಳಗೆ ಮಾತ್ರ ಕತ್ತಲು. ಗಂಜಲದ, ಹಳೆಯ ಗ್ರೀಸಿನ ವಾಸನೆ. ಜಹೀರುದ್ದೀನ ಡ್ರಮ್ಮನ್ನು ಬಟ್ಟೆಯಿಂದ ಒರೆಸಿದ, ಕಡ್ಡಿಗಳನ್ನು ಒಂದೊಂದಾಗಿ ಬಾರಿಸಿ ನೋಡಿದ. ತಂತಿ ಕಂಡದ್ದೇ ಕೈ ಹಿಂದಕ್ಕೆ ತೆಗೆದ.

"ಹೊಳೆಪ್ಪಣ್ಣ, ಇದನ್ನ ಯಾರೋ ಬೇಕಂತನ ಕಟ್ಯಾರ."

"ಮುದುಕಿ ಹುಚ್ಚು, ಭಾಯಿ. ಮಾಲು ಹೆಂಗೈತಿ ಹೇಳ್ರಿ."

"ಮಾಲು ಅಗದಿ ಚಲೋ. ಆದ್ರ ತಿರುಗಿಸಿ ನೋಡಲಾರದ ಗಾಲಿ ಒಯ್ಯೂದಿಲ್ಲ ನಾ. ರಿಮ್ ಆಟ ನೋಡಬೇಕು, ಬೇರಿಂಗ್ ಸಪ್ಪಳ ಕೇಳಬೇಕು. ನಮ್ಮಪ್ಪನ ಕಾಲದಿಂದ ಹಂಗ."

ಹೊಳೆಪ್ಪನೂ ಅದೇ ಕಸುಬಿನವನು. ತಾನಾದರೂ ಹಾಗೆಯೇ ಕೇಳುತ್ತಿದ್ದ. ಪಕ್ಕಡ್ ತೆಗೆದು ತಂತಿ ಕತ್ತರಿಸಿದ. ಏಳು ಸುತ್ತು, ಏಳು ಪೆಟ್ಟು. ಬಲಗೈ ಎತ್ತಿ ಟೈರಿಗೆ ಒಂದು ಏಟು ಕೊಟ್ಟ.

ಗಾಲಿ ತಿರುಗಿತು. ಬೇರಿಂಗು ಗುಂಯ್ ಎಂದಿತು. ರಿಮ್ಮು ಕೂದಲೆಳೆಯಷ್ಟೂ ಅಲುಗಲಿಲ್ಲ. "ನೋಡಿದ್ರಿಲ್ಲೋ!" ಎಂದು ಹೊಳೆಪ್ಪ ಮೀಸೆ ತಿರುವಿದ.

ಆಗಲೇ ಒಳಮನೆಯಿಂದ ಚೀರಾಟ ಕೇಳಿಬಂತು.

ಶಾರದವ್ವನ ದನಿ. ಹಿಂದೆಯೇ ಮಲ್ಲಕ್ಕನ ಕೂಗು: "ಎದಿ! ಎದಿ ಮುರ್ಯಾಕತ್ತೈತಿ! ಗಾಲಿ ನಿಂದ್ರಸ್ರೋ!"

ಹೊಳೆಪ್ಪ ಲಿವರ್ ಜಗ್ಗಿದ. ಅದು ಕಿತ್ತು ಕೈಗೆ ಬಂತು. ಗಾಲಿಯ ವೇಗ ಕಡಿಮೆಯಾಗಲಿಲ್ಲ, ಹೆಚ್ಚಿತು. ಡ್ರಮ್ಮಿನ ಸಂದಿಯಿಂದ ಕಪ್ಪು ಮಣ್ಣು ಒಸರತೊಡಗಿತು. ಹಸಿ ಮಣ್ಣು. ಹೆಣದ ವಾಸನೆ. ಎತ್ತುಗಳು ಕಣ್ಣಿ ಹರಿದುಕೊಂಡು ಹೊರಗೆ ನುಗ್ಗಿದವು. ಜಹೀರುದ್ದೀನ ಮೂಲೆಯಲ್ಲಿದ್ದ ಹಾರೆಯನ್ನು ಕಡ್ಡಿಗಳ ನಡುವೆ ತೂರಿಸಿದ. ಗಾಲಿ ಅದನ್ನು ಉಗುಳಿತು. ಹಾರೆ ಅವನ ದವಡೆಗೆ ಬಡಿಯಿತು. ಬಾಯಿಂದ ಹಲ್ಲು, ರಕ್ತ. ಒಳಗೆ ಚೀರಾಟ ನಿಂತು ಗೊರಗೊರ ಸದ್ದು ಶುರುವಾಯಿತು.

ಆ ಸದ್ದು ಕೇಳಿದ ಮೇಲೆ ಹೊಳೆಪ್ಪ ಏನನ್ನೂ ಯೋಚಿಸಲಿಲ್ಲ. ಬಲಗೈಯನ್ನು ಮೊಣಕೈವರೆಗೂ ಗಾಲಿಯೊಳಗೆ ಹಾಕಿದ.

ಎಲುಬು ಮುರಿದ ಸದ್ದು ಅವನಿಗೇ ಕೇಳಿತು. ಒಂದು ಸುತ್ತು. ಕಡ್ಡಿಗಳು ಮಾಂಸದೊಳಗೆ ಹೊಕ್ಕವು. ಅರ್ಧ ಸುತ್ತು. ಗಾಲಿ ನಿಂತಿತು.

ಕಬ್ಬಿಣದ ಹಾರೆಗೆ ನಿಲ್ಲದ್ದು ಅವನ ಕೈಗೆ ನಿಂತಿತ್ತು. ಅದು ಅವನನ್ನು ಈ ಮನೆಯವನೆಂದು ಒಪ್ಪಿಕೊಂಡಿತ್ತು. ಒಪ್ಪಿಕೊಂಡ ಮೇಲೆ ಬಿಡುವುದಿಲ್ಲ ಎಂಬುದು ಅವನಿಗೆ ಆಗ ಗೊತ್ತಿರಲಿಲ್ಲ.

ಮಲ್ಲಕ್ಕ ಓಡಿ ಬಂದಳು. "ಉಸಿರು ಬಂತು! ಕೂಸೂ ಮಿಸುಕಾಡಾಕತ್ತೈತಿ..." ಎಂದವಳು ಅಳಿಯನ ಕೈ ಕಂಡು ಗೋಡೆ ಹಿಡಿದು ನಿಂತಳು. ಜಹೀರುದ್ದೀನ ಬಾಯಿಯ ರಕ್ತ ಒರೆಸಿಕೊಳ್ಳುತ್ತ ಬಂದು, ದವಾಖಾನೆಗೆ ಒಯ್ಯೋಣವೆಂದು ಕೈಯನ್ನು ಮೆಲ್ಲಗೆ ಬಿಡಿಸಲು ನೋಡಿದ. ಕೈ ಬೆರಳಷ್ಟು ಸರಿಯಿತು. ಗಾಲಿಯೂ ಬೆರಳಷ್ಟು ಸರಿಯಿತು. ಒಳಗೆ ಶಾರದವ್ವ ಮತ್ತೆ ಚೀರಿದಳು.

ಜಹೀರುದ್ದೀನ ಕೈ ಬಿಟ್ಟ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊಳೆಪ್ಪನ ಬೆರಳುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಅತ್ತಿ," ಎಂದ ಹೊಳೆಪ್ಪ. "ಕುಡಗೋಲು ತರ್ರಿ."

"ಅಯ್ಯ, ನನ್ನಪ್ಪಾ..."

"ಕೈ ಇಲ್ಲೇ ಇರಲಿ. ನನ್ನ ಬಿಡಿಸ್ರಿ. ಲಗೂನ ಮಾಡ್ರಿ, ಧೈರ್ಯ ಹೋಗ್ತೈತಿ ನಂದು."

ಜಹೀರುದ್ದೀನ ತನ್ನ ಸೊಂಟದ ಬೆಲ್ಟು ಬಿಚ್ಚಿ ಮೊಣಕೈ ಮೇಲೆ ಬಿಗಿದು, ಕಣ್ಣು ಮುಚ್ಚಿಕೊಂಡು ಅವನನ್ನು ಅವುಚಿ ಹಿಡಿದ. ಮಲ್ಲಕ್ಕ ನಲವತ್ತು ವರ್ಷ ಜೋಳ ಕೊಯ್ದವಳು. ಆದರೂ ಒಂದೇ ಏಟಿಗೆ ಆಗಲಿಲ್ಲ. ನಾಲ್ಕು ಬೇಕಾದವು. ಮೂರನೆಯದರವರೆಗೂ ಹೊಳೆಪ್ಪನಿಗೆ ಎಚ್ಚರವಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಕೈ ಕಾಳು ಒಕ್ಕುವ ರಾಶಿ ಮಷೀನಿಗೆ ಸಿಕ್ಕಿತೆಂದು ಹೇಳಿದರು. ಜಹೀರುದ್ದೀನ ಮತ್ತೆ ಮೊರಬದ ಕಡೆ ಸುಳಿಯಲಿಲ್ಲ. ಎರಡು ತಿಂಗಳಿಗೆ ಶಾರದವ್ವ ಹೆಣ್ಣು ಹೆತ್ತಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೊಳೆಪ್ಪನಿಗೆ ಈಗ ಬೀಡಿಗೆ ರೊಕ್ಕ ಕೇಳುವ ಪ್ರಸಂಗವೇ ಬರಲಿಲ್ಲ; ಅತ್ತೆ ತಾನೇ ತಂದು, ಹಚ್ಚಿ, ಬಾಯಿಗೆ ಇಡುತ್ತಿದ್ದಳು. ಅವನು ದಿನವಿಡೀ ಕೊಟ್ಟಿಗೆಯಲ್ಲಿ ಗಾಲಿಯ ಮುಂದೆ ಕುಳಿತಿರುತ್ತಿದ್ದ. ಬೇರೆ ಏನು ತುರುಕಿದರೂ ಅದು ಉಗುಳುತ್ತಿತ್ತು. ಕಡ್ಡಿಗಳ ನಡುವಿನ ಕೈ ಮೊದಲು ಕಪ್ಪಾಯಿತು, ಆಮೇಲೆ ಒಣಗಿತು. ಒಣಗಿದ್ದು ದಿನದಿಂದ ದಿನಕ್ಕೆ ಸಣ್ಣಗಾಗತೊಡಗಿತು.

ತೊಟ್ಟಿಲು ಹಾಕಿದ ಮರುದಿನ ಮಧ್ಯಾಹ್ನ, ಅವನು ನೋಡುತ್ತಿದ್ದಂತೆಯೇ, ಟಿಕ್ಕೆಂದು ಒಂದು ಸದ್ದಾಯಿತು. ಗಾಲಿ ಒಂದು ಕಡ್ಡಿಯಷ್ಟು ಮುಂದಕ್ಕೆ ಸರಿದಿತ್ತು. ಒಳಗೆ, ತೊಟ್ಟಿಲಲ್ಲಿ, ಕೂಸು ಕಿರ್‍ರೆಂದು ಅತ್ತಿತು.

ಹೊಳೆಪ್ಪ ಎದ್ದು ನಿಂತ. ಅಂಗಿಯ ಎಡಗೈ ತೋಳನ್ನು ಹಲ್ಲಿನಿಂದ ಕಚ್ಚಿ ಮೇಲಕ್ಕೆ ಎಳೆದುಕೊಂಡು, ಕುಡಗೋಲು ತರಲು ಅತ್ತೆಯನ್ನು ಕೂಗಿದ.